ಬೆಳಗಾಗುವಷ್ಟರಲ್ಲಿ ಎತ್ತರವಾದ ಕಾರು

2023ರ ಬೇಸಿಗೆ. ವರ್ಕ್‌ಶಾಪ್ ಸೂಪರ್‌ವೈಸರ್ ಕೆಲಸದಿಂದ ನಿವೃತ್ತನಾಗಿ, ಹೊಸಕೋಟೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಪರೀಕ್ಷೆ ಮಾಡಿಕೊಡುವ ಕೆಲಸ ಹಿಡಿದಿದ್ದೆ. ಕೊಳ್ಳುವವರ ಪರವಾಗಿ ಗಾಡಿ ನೋಡಿ ‘ತಗೊಳ್ಳಿ’ ಅಥವಾ ‘ಬೇಡ’ ಎನ್ನಬೇಕು, ಅಷ್ಟೇ. ಈ ಎರಡರಲ್ಲಿ ಒಂದನ್ನು ಹೇಳುವುದರಲ್ಲಿ ನನಗೆ ಎಂದೂ ತಡವಾಗುವುದಿಲ್ಲ ಎಂಬ ಜಂಬವಿತ್ತು. ಅದನ್ನು ಇಳಿಸಿದ್ದು ನಂದಗುಡಿ ಹೋಬಳಿಯ ಮುನಿರಾಜು ನೋಡಿಟ್ಟಿದ್ದ ಒಂದು ಹಳೆಯ ಎಸ್‌ಯುವಿ.

ಮುನಿರಾಜು ಗುಲಾಬಿ ಬೆಳೆಯುವವರು. ಹೆಂಡತಿ ಮಂಜುಳಾ ಹೊಸಕೋಟೆಯ ಶಾಲೆಯೊಂದರಲ್ಲಿ ಟೀಚರ್. ಬೆನ್ನುಮೂಳೆಯ ಆಪರೇಷನ್ ಆಗಿ ಆಕೆ ರಜೆಯಲ್ಲಿದ್ದರು. ಶಾಲೆ ತೆರೆದಾಗ ಕೆಲಸಕ್ಕೆ ಹೋಗಬಹುದು, ಆದರೆ ದಾರಿಯಲ್ಲಿ ಕುಲುಕಾಟ ಕೂಡದು ಎಂದು ಡಾಕ್ಟರ್ ಹೇಳಿದ್ದರಂತೆ. ಆ ರಸ್ತೆಯಲ್ಲಿ ಊರು ಬಂತೆಂದರೆ ಹಂಪು, ಊರು ಮುಗಿಯಿತೆಂದರೆ ಇನ್ನೊಂದು ಹಂಪು. ಅದಕ್ಕೇ ಮುನಿರಾಜು ಏರ್ ಸಸ್ಪೆನ್ಷನ್ ಇರುವ ಗಾಡಿಯೇ ಬೇಕೆಂದು ಹಟ ಹಿಡಿದಿದ್ದರು. ಹೊಸದು ಕೈಗೆಟುಕುವಂತಿರಲಿಲ್ಲ.

ಮಾಮೂಲಿ ಗಾಡಿಯಲ್ಲಿ ಭಾರ ಹೊರುವುದು ಉಕ್ಕಿನ ಕಾಯಿಲ್ ಸ್ಪ್ರಿಂಗ್. ಏರ್ ಸಸ್ಪೆನ್ಷನ್‌ನಲ್ಲಿ ಅದರ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ಒಂದು ಕಂಪ್ರೆಸರ್ ಅವುಗಳಿಗೆ ಗಾಳಿ ಒದಗಿಸುತ್ತದೆ. ಕೂತವರಿಗೆ ಸುಖವೋ ಸುಖ. ಆದರೆ ರಬ್ಬರಿಗೆ ವಯಸ್ಸಾಗಿ ಬಿರುಕು ಬಿಟ್ಟರೆ ಗಾಳಿ ಸೋರಿ ಗಾಡಿ ಆ ಮೂಲೆಗೆ ಕುಸಿಯುತ್ತದೆ. ಸೋರಿಕೆ ಇದೆಯೇ ಎಂದು ತಿಳಿಯಲು ಗಾಡಿಯನ್ನು ಒಂದು ರಾತ್ರಿ ಮುಟ್ಟದೆ ಬಿಟ್ಟು, ಸಂಜೆಯ ಎತ್ತರಕ್ಕೂ ಬೆಳಗಿನ ಎತ್ತರಕ್ಕೂ ವ್ಯತ್ಯಾಸ ನೋಡಬೇಕು.

ಮಾರುವವನನ್ನು ಒಪ್ಪಿಸಿ ಗಾಡಿಯನ್ನು ಮುನಿರಾಜು ಅವರ ಮನೆಯಂಗಳದಲ್ಲಿ ನಿಲ್ಲಿಸಿದೆವು. ಸಂಜೆ ನಾಲ್ಕೂ ಚಕ್ರಗಳ ಬಳಿ ಅಳತೆ ತೆಗೆದು, ಯಾರೂ ಮುಟ್ಟಬೇಡಿ ಎಂದು ಹೇಳಿ ಬಂದೆ.

ಬೆಳಿಗ್ಗೆ ಹೋಗಿ ಅಳೆದರೆ ಗಾಡಿ ಸಂಜೆಗಿಂತ ಎರಡು ಬೆರಳು ಎತ್ತರವಾಗಿತ್ತು. ತಗ್ಗಿದ್ದರೆ ಸೋರಿಕೆ, ಹಾಗೇ ಇದ್ದರೆ ಕ್ಷೇಮ. ಬೆಳೆದಿದ್ದರೆ ಏನೆನ್ನುವುದು? ಟೇಪು ಬದಲಿಸಿದೆ, ಕನ್ನಡಕ ಒರೆಸಿಕೊಂಡೆ, ಮತ್ತೆ ಅಳೆದೆ. ಎಷ್ಟು ಅಳೆದರೂ ಅಷ್ಟೇ. ತಲೆ ಕೆಟ್ಟುಹೋಯಿತು. ಮುನಿರಾಜು ಮಾತ್ರ ಗಾಡಿ ಪಾಸಾಯಿತೆಂದು ನಗುತ್ತಿದ್ದರು.

ಆಗ ಕಣ್ಣಿಗೆ ಬಿದ್ದದ್ದು ಬಾನೆಟ್ ಮೇಲಿನ ಅರಿಶಿನ ಕುಂಕುಮ, ಸ್ಟಿಯರಿಂಗ್‌ಗೆ ಸಿಕ್ಕಿಸಿದ್ದ ಮನೆಯದೇ ಗುಲಾಬಿ. ಮುನಿರಾಜು ಅವರ ತಾಯಿ ಮುನಿಯಮ್ಮನವರನ್ನು ಕೇಳಿದೆ. ಮನೆ ಬಾಗಿಲಿಗೆ ಬಂದ ಗಾಡಿಯನ್ನು ಬರಿಯ ಹಣೆಯಲ್ಲಿ ನಿಲ್ಲಿಸುವುದು ಅವರಿಗೆ ಸರಿಬರಲಿಲ್ಲವಂತೆ. ಬೆಳಿಗ್ಗೆ ಎದ್ದವರೇ ಕೀ ತೆಗೆದುಕೊಂಡು ಪೂಜೆಗೆ ಹೋಗಿದ್ದಾರೆ.

“ಪಾಪ, ಮಂಡಿ ಊರ್ಕೊಂಡು ಮಲಗಿತ್ತಪ್ಪಾ. ಬಾಗ್ಲು ತೆಗೆದೆ, ಬಸವಣ್ಣ ಎದ್ದಂಗೆ ಎದ್ದು ನಿಂತ್ಕೊಳ್ತು. ಒಳ್ಳೆ ಶಕುನ,” ಎಂದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಾಗಿಲು ತೆರೆದ ಕೂಡಲೇ ಸಿಸ್ಟಮ್ ಎಚ್ಚರವಾಗಿ, ಕಂಪ್ರೆಸರಿನ ಟ್ಯಾಂಕಿನಲ್ಲಿ ಉಳಿದಿದ್ದ ಗಾಳಿಯಿಂದ ಗಾಡಿಯನ್ನು ಎತ್ತಿತ್ತು. ಸಂಜೆ ನಾನು ಅಳೆದದ್ದು ಲಾಕ್ ಆದ ಗಾಡಿ ನಿಲುಗಡೆಯ ತಗ್ಗು ಮಟ್ಟಕ್ಕೆ ಇಳಿದ ಮೇಲೆ, ಈಗ ಅದು ಓಡುವ ಮಟ್ಟಕ್ಕೆ ಎದ್ದಿತ್ತು. ಮತ್ತೆ ಲಾಕ್ ಮಾಡಿ ಕಾದೆವು. ಮಧ್ಯಾಹ್ನ ಊಟ ಮುಗಿಸಿ ಹೊರಬಂದಾಗ ಮುಂದಿನ ಎಡಮೂಲೆ ಕುಸಿಯತೊಡಗಿತ್ತು.

ಆದರೂ ‘ಬೇಡ’ ಎನ್ನಲು ನನಗೆ ಬಾಯಿ ಬರಲಿಲ್ಲ. ಸೋರುವ ಚೀಲವನ್ನು ಬದಲಿಸಬಹುದು. ಉಳಿದ ಮೂರೂ ಅದೇ ವಯಸ್ಸಿನವು, ಯಾವಾಗ ಕೈಕೊಡುತ್ತವೋ ಹೇಳಲಾಗದು. ರಿಪೇರಿಗೆ ಪ್ರತಿಸಲ ಬೆಂಗಳೂರಿಗೇ ಸಾಗಿಸಬೇಕು. ಇನ್ನೊಂದು ಕಡೆ, ಹಿಂದಿನ ದಿನದ ಟೆಸ್ಟ್ ಡ್ರೈವ್‌ನಲ್ಲಿ ಮಂಜುಳಾ ಅವರು ಹಂಪುಗಳ ಮೇಲೆಯೇ ನಿದ್ದೆಹೋಗಿದ್ದನ್ನು ಕಣ್ಣಾರೆ ಕಂಡಿದ್ದೆ. ಮುನಿರಾಜು ನನ್ನ ಮುಖ ನೋಡುತ್ತಿದ್ದರು, ನಾನು ಗಾಡಿಯ ಮುಖ ನೋಡುತ್ತಿದ್ದೆ.

ಕೊನೆಗೆ ಕಾಯಿಲ್ ಸ್ಪ್ರಿಂಗ್‌ನ ಇನ್ನೊಂದು ಎಸ್‌ಯುವಿ ತರಿಸಿ, ಟೈರಿನ ಗಾಳಿ ಸರಿಮಾಡಿಸಿ, ಮಂಜುಳಾ ಅವರನ್ನು ಕೂರಿಸಿಕೊಂಡು ಶಾಲೆಯವರೆಗೂ ಹೋಗಿ ಬಂದೆವು. ಮುನಿರಾಜು ಪ್ರತಿ ಹಂಪಿಗೂ ಹಿಂದೆ ತಿರುಗಿ, ನೋವಾಯಿತೇ ಎಂದು ಕೇಳುತ್ತಲೇ ಇದ್ದರು.

“ಹಂಪ್ ಬಂದಿದ್ದು ಗೊತ್ತಾಗುತ್ತೆ ಸಾರ್. ಗೊತ್ತಾಗೋದು ಬೇರೆ, ನೋಯೋದು ಬೇರೆ,” ಎಂದರು ಆಕೆ. ಗಾಡಿಯಿಂದ ಇಳಿದು, ಅಂಗಳದಲ್ಲಿ ವಾಲಿ ನಿಂತಿದ್ದ ಆ ಇನ್ನೊಂದನ್ನು ಸ್ವಲ್ಪ ಹೊತ್ತು ನೋಡಿದರು. “ಅದು ಬೇಡ. ಬೆಳಗಾದ್ರೆ ಇವರು ನನ್ನ ಮಂಚದ ಹತ್ರ ಬಂದು, ಎದ್ದು ನಿಲ್ಲಕ್ಕಾಗುತ್ತಾ ಅಂತ ಕೇಳ್ತಾರೆ. ಹಂಗೆ ಕೇಳಿಸ್ಕೊಳ್ಳೋಳು ಈ ಮನೇಲಿ ನಾನೊಬ್ಳೇ ಸಾಕು.”

ಮುನಿರಾಜು ತಲೆ ತಗ್ಗಿಸಿದರು. ಕಾಯಿಲ್ ಸ್ಪ್ರಿಂಗ್‌ನ ಗಾಡಿಯನ್ನೇ ಕೊಂಡರು. ಶಾಲೆ ತೆರೆದ ದಿನ ಮಂಜುಳಾ ಅದರಲ್ಲೇ ಹೋದರು.

ಏರ್ ಸಸ್ಪೆನ್ಷನ್ ಒಳ್ಳೆಯದೋ ಅಲ್ಲವೋ ಎಂದು ಈಗಲೂ ಫೋನ್‌ಗಳು ಬರುತ್ತವೆ. ಒಂದೇ ಮಾತಿನ ಉತ್ತರ ಇವತ್ತಿಗೂ ನನ್ನಲ್ಲಿಲ್ಲ. ಮಂಜುಳಾ ಅವರ ಆ ನಿದ್ದೆ ನೆನಪಾದಾಗ, ಆಕೆಗೆ ಆ ಗಾಡಿಯೇ ಇರಬೇಕಿತ್ತೇನೋ ಎಂದೂ ಅನ್ನಿಸುತ್ತದೆ. ಗಾಡಿಯನ್ನು ನಾನು ನೋಡುತ್ತೇನೆ, ದಿನಾ ಅದರಲ್ಲಿ ಕೂರುವವರನ್ನು ಕರೆದುಕೊಂಡು ಬನ್ನಿ ಎನ್ನುತ್ತೇನೆ.