ಕಂಬಳಿಯಿಂದ ಇಳಿದ ಮೇಷ್ಟ್ರು

ಬೇಸಿಗೆ ರಜೆ ಬಂತೆಂದರೆ ನಮ್ಮ ಕಾಲೇಜಿನ ಮೇಷ್ಟ್ರುಗಳೆಲ್ಲ ಮಕ್ಕಳನ್ನು ಹುಡುಕಿಕೊಂಡು ಊರೂರು ತಿರುಗಬೇಕು. ಹಿರಿಯೂರಿನ ಆ ಪುಟ್ಟ ಕಾಲೇಜಿನಲ್ಲಿ ನಾನು ಬಿ.ಕಾಂ. ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕ. ಹೆಸರಿಗಷ್ಟೇ ಅತಿಥಿ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ಸಲವೂ ಬಾಗಿಲು ಕಾಯುವವನು. ಬಿ.ಕಾಂ.ಗೆ ಸಾಕಷ್ಟು ಮಕ್ಕಳು ಸೇರದಿದ್ದರೆ ನನ್ನ ಕೆಲಸ ಹೋದಂತೆ.

ಕಳೆದ ವರ್ಷ ಜವನಗೊಂಡನಹಳ್ಳಿ ಹತ್ತಿರದ ಹಟ್ಟಿಯೊಂದಕ್ಕೆ ಕರಪತ್ರ ಹಿಡಿದು ಹೋದೆ. ಕುರಿ ಸಾಕುವವರ ಮನೆ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ನನ್ನನ್ನು ಕಂಡದ್ದೇ ತಾಯಿ ಒಳಗಿನಿಂದ ಕರಿಕಂಬಳಿ ತಂದು, ಮಡಿಸಿ ಹಾಸಿದರು. ಪ್ಲಾಸ್ಟಿಕ್ ಕುರ್ಚಿ ಮೂಲೆಯಲ್ಲೇ ಇತ್ತು. ಅದು ಬಂದುಹೋಗುವವರಿಗೆ. ಕಂಬಳಿ ಮಾತ್ರ ದೇವರ ಕಾರ್ಯಕ್ಕೆ, ಮದುವೆಗೆ, ನ್ಯಾಯ ಹೇಳುವ ಹಿರಿಯರಿಗೆ.

"ಕುಂತ್ಕಳ್ರಿ ಸಾರ್," ಅಂದರು. ಕುಳಿತೆ.

"ಇವಳನ್ನ ನರ್ಸಿಂಗ್ ಸೇರ್ಸಾಣ ಅಂತಿದ್ವಿ. ನೀವು ಬಿ.ಕಾಂ. ಅಂತೀರಿ. ಅದನ್ನ ಓದಿದ್ರೆ ಏನ್ ಕೆಲ್ಸ ಸಿಗ್ತೈತೆ? ಕಂಬಳಿ ಮ್ಯಾಲೆ ಕುಂತೋರು ಸುಳ್ಳು ಹೇಳಬಾರ್ದು ಅಂತೀವಿ ನಾವು. ನೀವೇ ಹೇಳ್ರಿ."

ನಾನೂ ಅದೇ ಕಾಲೇಜಿನಲ್ಲಿ ಓದಿದವನು. ಜೊತೆಗೆ ಓದಿದವರೆಲ್ಲ ಕಣ್ಣ ಮುಂದೆ ಬಂದು ನಿಂತರು. ಒಬ್ಬ ಹೈವೇ ಪಕ್ಕದ ಪೆಟ್ರೋಲ್ ಬಂಕಿನಲ್ಲಿದ್ದಾನೆ. ಒಬ್ಬಳು ಚಿತ್ರದುರ್ಗದ ಆಡಿಟರ್ ಆಫೀಸಿನಲ್ಲಿ ದಿನವಿಡೀ ಜಿಎಸ್‌ಟಿ ಬಿಲ್ಲು ಟೈಪ್ ಮಾಡುತ್ತಾಳೆ, ಬಸ್ ಚಾರ್ಜಿಗೆ ಇವತ್ತಿಗೂ ಅಪ್ಪನ ಮುಂದೆ ಕೈಚಾಚುತ್ತಾಳೆ. ಇನ್ನೊಬ್ಬ ಹೊಳಲ್ಕೆರೆ ಕಡೆ ಹೆಂಗಸರ ಸಂಘಗಳ ಸಾಲದ ಕಂತು ವಸೂಲಿ ಮಾಡುತ್ತಾ ಬೈಸಿಕೊಂಡು ತಿರುಗುತ್ತಾನೆ. ಬ್ಯಾಂಕಿಗೆ ಸೇರಿದವಳು ಒಬ್ಬಳೇ. ಕರಪತ್ರದಲ್ಲಿ ಪ್ರತಿ ವರ್ಷ ಅವಳದೇ ಫೋಟೊ. ಎಂ.ಕಾಂ. ಮಾಡಿದ ನಾನು ಹೀಗೆ ಮನೆಮನೆ ಬಾಗಿಲು ತಟ್ಟುತ್ತಿದ್ದೇನೆ.

"ಕಾಲು ಜೋಮು ಹಿಡೀತಮ್ಮ," ಅಂದೆ. ಮೆಲ್ಲಗೆ ಜರುಗಿ ಕಂಬಳಿ ಬಿಟ್ಟು ಸಿಮೆಂಟ್ ನೆಲದ ಮೇಲೆ ಕುಳಿತೆ. ಆ ಒಂದು ಸುಳ್ಳನ್ನು ಕಂಬಳಿಯ ಮೇಲೇ ಹೇಳಿಬಿಟ್ಟೆನಲ್ಲ ಎಂದು ಹೊಳೆದದ್ದು ದಾರಿಯಲ್ಲಿ ವಾಪಸು ಬರುವಾಗ.

ನೆಲಕ್ಕಿಳಿದ ಮೇಲೆ ನನ್ನ ನಾಲಿಗೆಗೆ ಲಗಾಮಿರಲಿಲ್ಲ. ಬ್ಯಾಂಕು, ಆಡಿಟರು, ಸಿ.ಎ., ದೊಡ್ಡ ದೊಡ್ಡ ಕಂಪನಿ! ನಮ್ಮಲ್ಲಿ ಓದಿದವರೆಲ್ಲ ಚೆನ್ನಾಗಿದ್ದಾರೆ ಅಂದೆ. ತಾಯಿ ಖಾಲಿ ಕಂಬಳಿಯನ್ನೊಮ್ಮೆ ನೋಡಿ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟರು. ನಾಚಿಕೆಗೆಟ್ಟವನು, ಗಟಗಟ ಕುಡಿದೆ.

ಹುಡುಗಿ ಬಿ.ಕಾಂ.ಗೆ ಸೇರಿದಳು. ಇನ್ನೂ ಕೆಲವರು ಸೇರಿದರು, ನನ್ನ ಕೆಲಸ ಉಳಿಯಿತು. ಆದರೆ ಕ್ಲಾಸಿನಲ್ಲಿ ಅವಳ ಮುಖ ನೋಡುವುದೇ ಕಷ್ಟವಾಗಿತ್ತು. ಒಳ್ಳೆಯ ನರ್ಸ್ ಆಗಬಹುದಾಗಿದ್ದವಳನ್ನು ನನ್ನ ಹೊಟ್ಟೆಪಾಡಿಗೆ ಎಳೆದು ತಂದಿದ್ದೆ. ಒಂದು ದಿನ ಪಾಠ ಶುರುವಾಗುವ ಮೊದಲು ಕ್ಲಾಸಿನ ಬಾಗಿಲಲ್ಲಿ ಒಬ್ಬಳೇ ಸಿಕ್ಕಳು. ತಡೆಯಲಾಗಲಿಲ್ಲ.

"ನರ್ಸಿಂಗ್ ಬಿಟ್ಟು ಇಲ್ಲಿಗ್ಯಾಕಮ್ಮ ಬಂದೆ?"

"ಅವ್ವ ಕಳಿಸಿದ್ಲು ಸಾರ್."

"ನಾನು ಹೇಳಿದ್ದನ್ನೆಲ್ಲ ನಂಬಿದ್ರಾ?"

"ಇಲ್ಲ ಸಾರ್." ಅವಳು ತಲೆ ತಗ್ಗಿಸಿದಳು, ನಗು ತಡೆಯುವುದಕ್ಕೋ ಏನೋ. "ನೀವು ಕಂಬಳಿಯಿಂದ ಇಳಿದಾಗ್ಲೇ ಅವ್ವಂಗೆ ಗೊತ್ತಾತು. 'ಸುಳ್ಳು ಹೇಳಾಕೆ ಕೆಳಗಿಳಿದ್ರಲ್ಲ, ಅಷ್ಟಾದ್ರೂ ಭಯ ಐತೆ ಆ ಮೇಷ್ಟ್ರಿಗೆ. ಕೆಲ್ಸ ಸಿಗ್ಲಿ ಬಿಡ್ಲಿ, ಅಂಥೋರ ಹತ್ರ ಓದು' ಅಂದ್ಲು."

ಬೆಲ್ ಹೊಡೆಯಿತು. ಅವಳು ಹೋಗಿ ಮುಂದಿನ ಬೆಂಚಿನಲ್ಲಿ ಕುಳಿತಳು. ಮೇಜಿನ ಹಿಂದೆ ನನ್ನ ಕುರ್ಚಿ ಇತ್ತು. ಆ ದಿನ ಪಾಠವನ್ನು ಪೂರ್ತಿ ನಿಂತೇ ಮಾಡಿದೆ.