ಉಣ್ಣೆ ಬಿಲ್ಲಿನ ಗಂಟು

ಇಳಕಲ್ಲಿನ ಬಡಿಗರ ಅಂಗಡಿಯಲ್ಲಿ ಇಂದು ಬಾಗಿಲಿನ ಹಲಗೆಯ ಗಂಟನ್ನು ಮಷಿನ್ನು ಒಂದೇ ಸಲಕ್ಕೆ ಸವರಿಹಾಕಿತು. ಕಟ್ಟಿಗೆ ಹೊಟ್ಟಿನ ವಾಸನೆಗೆ ನಮ್ಮಜ್ಜ ನೆನಪಾದ.

ಕುರಿ ಉಣ್ಣೆ ಹಿಂಜುವ ಆಳುದ್ದದ ಬಿಲ್ಲನ್ನು ಅಜ್ಜ ತಾನೇ ಮಾಡುತ್ತಿದ್ದ. ಬಾರಿಹಣ್ಣಿನ ಗಿಡದ ಕಟ್ಟಿಗೆಯನ್ನು ಕುಡುಗೋಲಿನಿಂದ ಹೆರೆಯುತ್ತ, ಗಂಟು ಬಂದಲ್ಲಿ ಕೈ ತಡೆದು, ಹೆಬ್ಬೆರಳಿನಿಂದ ಸುತ್ತ ಸವರಿ ನೋಡಿ, ಅಲ್ಲಷ್ಟೇ ದಪ್ಪ ಉಳಿಸುತ್ತಿದ್ದ. ನನಗೆ ಆ ಉಬ್ಬು ಹಣೆಯ ಮೇಲಿನ ಬುಗುಟಿನಂತೆ ಕಾಣುತ್ತಿತ್ತು. ಒಮ್ಮೆ ಅವನು ಊಟಕ್ಕೆ ಎದ್ದಾಗ ಅದನ್ನು ಹೆರೆದು ನುಣುಪು ಮಾಡಿಬಿಟ್ಟೆ. ಸಂಜೆ ಹುರಿ ಬಿಗಿಯುತ್ತಲೇ ಬಿಲ್ಲು ಅಲ್ಲೇ ಚಟ್ಟನೆ ಮುರಿಯಿತು.

"ಚಂದ ಕಾಣ್ಲಿ ಅಂತ ಮಾಡೀನಜ್ಜಾ," ಎಂದು ನಾನು ಅತ್ತುಬಿಟ್ಟೆ.

ಅಜ್ಜ ಬೈಯಲಿಲ್ಲ. ಮುರಿದ ತುದಿಯನ್ನು ನನ್ನ ಮುಂದೆ ಹಿಡಿದ. "ನೋಡವಾ, ನಾರು ಗಂಟಿನ ಸುತ್ತ ಹಾದು ಹ್ಯಾಂಗ ಹೋಗ್ಯಾವು. ಅವನ್ನ ನೀ ನಡುವ ಕಡದಿ. ಅವು ಹೋದಂಗ ನಾವೂ ಸುತ್ತು ಹಾಕ್ಕೊಂಡ ಹೋಗಬೇಕು."

ಮರುದಿನ ಹೊಸ ಕಟ್ಟಿಗೆ ಹಿಡಿದ. ಗಂಟು ಬಂದ ಕೂಡಲೇ ಕುಡುಗೋಲನ್ನು ನನ್ನ ಕೈಗೇ ಕೊಟ್ಟ.

ಆ ಬಿಲ್ಲು ಈಗಲೂ ನಮ್ಮ ಪಡಸಾಲೆಯಲ್ಲಿ ತೂಗುತ್ತಿದೆ. ಮನೆಗೆ ಬಂದವಳೇ ಇಳಿಸಿ ಗಂಟಿನ ಮೇಲೆ ಕೈಯಾಡಿಸಿದೆ. ಅಜ್ಜ ಕೊನೆಯತನಕ ಅದರಲ್ಲೇ ಉಣ್ಣೆ ಹಿಂಜಿದ. ನಾನು ಬಿಟ್ಟ ಸೊಟ್ಟ ಉಬ್ಬಿಗೆ ಒಮ್ಮೆಯೂ ಕುಡುಗೋಲು ತಾಗಿಸಲಿಲ್ಲ.