ಕಲ್ಲಿನೊಳಗಿನ ಗಿಡ

ಭೂತಗನ್ನಡಿಯೊಂದು ಕೈಗೆ ಬಂತೆಂದರೆ ಮನುಷ್ಯನಿಗೆ ನೋಡುವುದಕ್ಕಿಂತ ತೀರ್ಪು ಕೊಡುವ ಉಮೇದೇ ಹೆಚ್ಚಾಗುತ್ತದೆ. ಮಸ್ಕಿಯಲ್ಲಿ ವರ್ಷಾನುಗಟ್ಟಲೆ ವಿಜ್ಞಾನ ಬೋಧಿಸಿ ನಿವೃತ್ತನಾದ ನನ್ನಂಥವನ ಕೈಗೆ ಬಂದರಂತೂ ಕೇಳುವುದೇ ಬೇಡ. ಅಡುಗೆಮನೆಯ ಬೇಳೆಯಿಂದ ಹಿಡಿದು ನೆರೆಮನೆಯ ಹರಳುಂಗುರದವರೆಗೆ, ಬೇಡವೆಂದರೂ, ನನ್ನ ಪ್ರಮಾಣಪತ್ರ ಸಿದ್ಧವಾಗಿರುತ್ತದೆ.

ಈ ಮುಂಗಾರಿನಲ್ಲಿ ಗುರುಗುಂಟಾದ ಹುಲಿಗೆಮ್ಮ, ನನ್ನ ಹಳೆಯ ವಿದ್ಯಾರ್ಥಿನಿ, ಹೊಲಕ್ಕೆ ಕರೆಸಿಕೊಂಡಳು. ಬಿತ್ತನೆಗೆ ಹೊಲ ಹದಮಾಡುವಾಗ ಕುಂಟೆಗೆ ಸಿಕ್ಕಿ ಮೇಲೆದ್ದ ಚಪ್ಪಡಿಯ ಮೇಲೆ ಶಾಯಿಯಲ್ಲಿ ಬರೆದಂತೆ ಕಪ್ಪು ಕಪ್ಪು ಗಿಡದ ಚಿತ್ತಾರ. “ಪಳೆಯುಳಿಕೆ!” ಎಂದು ಸಾರಿದವನೇ, ಪುರಾತನ ಸಸ್ಯವೊಂದು ಶಿಲೆಯಾದ ವೃತ್ತಾಂತವನ್ನು ರಸವತ್ತಾಗಿ ವಿಸ್ತರಿಸಿದೆ. ಪತ್ರಿಕೆಯವರು ಕೇಳಿದರೆ ಯಾವ ಭಾವಚಿತ್ರ ಕೊಡಬೇಕೆಂಬ ಆಲೋಚನೆಯೂ, ನಾಚಿಕೆ ಬಿಟ್ಟು ಹೇಳುತ್ತೇನೆ, ನನಗಾಗಲೇ ಬಂದಿತ್ತು.

“ಅಂದ್ರ ಇದು ಜೀವ ಇದ್ದದ್ದೇನ್ರೀ ಸರ?” ಎಂದಳು.

“ಖಂಡಿತ,” ಎಂದೆ.

ಆ ಒಂದು ಮಾತು ಅನರ್ಥ ಮಾಡಿತು. ನಮ್ಮ ಕಡೆ ಹೊಲದಲ್ಲಿ ಹಿರಿಯರ ಸಮಾಧಿಯಿದ್ದರೆ ಕುಂಟೆ ಅದನ್ನು ಬಳಸಿಕೊಂಡು ಹೋಗುತ್ತದೆಯೇ ಹೊರತು ಮೇಲೆ ಹಾಯುವುದಿಲ್ಲ. ಜೀವವಿದ್ದದ್ದು ಮಲಗಿದೆ ಎಂದ ಮೇಲೆ ಹುಲಿಗೆಮ್ಮ ಕಲ್ಲಿಗೆ ಕುಂಕುಮ ಹಚ್ಚಿ, ಅಂಥವೇ ಚಪ್ಪಡಿಗಳಿದ್ದ ಅರ್ಧ ಹೊಲವನ್ನು ಬಿತ್ತದೆ ಬಿಟ್ಟಿದ್ದಳು. ತೊಗರಿ ಬೀಜ ಮನೆಯಲ್ಲಿತ್ತು, ಬಿತ್ತನೆಗೆ ಬೇಕಾದ ನೆಲದ ಹಸಿ ದಿನೇದಿನೇ ಆರುತ್ತಿತ್ತು. ಮೂರನೆಯ ದಿನ ಇದು ತಿಳಿದಾಗ ನನಗೆ ಹೆದರಿಕೆಯೇ ಆಯಿತು; ನನ್ನ ತೀರ್ಪು ಸರಿಯೇ ಎಂಬ ಅನುಮಾನವೂ ಆಗಲೇ ಹುಟ್ಟಿತು.

ಗಣಿಯಲ್ಲಿ ಕಲ್ಲು ಪರೀಕ್ಷಿಸುವ ಕೆಲಸದಲ್ಲಿದ್ದ ಲಿಂಗಸುಗೂರಿನ ಗೆಳೆಯ ಖಾಜಾಸಾಬನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊಲಕ್ಕೆ ಓಡಿದೆ. ಅವನು ನನ್ನ ಭೂತಗನ್ನಡಿಯನ್ನೇ ಇಸಿದುಕೊಂಡು ಚಪ್ಪಡಿ ನೋಡಿ ನಕ್ಕ.

“ಎಲಿಗೆ ನರ ಎಲ್ಲಿ ಅದಾವೋ ಮಾಸ್ತರ? ಬಿರುಕಿನಾಗ ನೀರು ಇಳಿದು ಖನಿಜದ ಕಪ್ಪು ಬಿಟ್ಟು ಹೋಗೈತಿ, ಅಷ್ಟ. ಈ ಕಲ್ಲು ಹುಟ್ಟಿದಾಗ ಭೂಮಿ ಮ್ಯಾಲ ಗಿಡಾನ ಇದ್ದಿಲ್ಲ.”

ಇಷ್ಟು ವರ್ಷ ಮಕ್ಕಳ ತಪ್ಪು ತಿದ್ದಿದವನಿಗೆ ತನ್ನ ತಪ್ಪನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೆಂದು ಅಂದು ಗೊತ್ತಾಯಿತು. “ತಪ್ಪು ನಂದವ್ವ, ಇದು ಎಂದೂ ಗಿಡ ಆಗಿದ್ದಿಲ್ಲ,” ಎಂದೆ. ಆಕೆ ಸಿಟ್ಟಾಗಲಿಲ್ಲ.

“ಇಲ್ಲಿ ಯಾವ ಜೀವಾನೂ ಮಲಗಿಲ್ಲ, ಹೌದಲ್ರೀ?” ಎಂದು ಎರಡೆರಡು ಸಲ ಕೇಳಿ ಖಾತ್ರಿಮಾಡಿಕೊಂಡಳು. ನನ್ನ ನಿರಾಶೆಯೇ ಆಕೆಯ ನೆಮ್ಮದಿಯಾಗಿತ್ತು. ಕುಕ್ಕರುಗಾಲಲ್ಲಿ ಕೂತು ನೆಲದೊಳಗೆ ಬೆರಳಿಳಿಸಿ, ಹಿಡಿ ಮಣ್ಣು ತೆಗೆದು ಮುಷ್ಟಿ ಬಿಗಿದಳು. ನಾನೂ ಪಕ್ಕದಲ್ಲಿ ಬಗ್ಗಿ ನಿಂತೆ. ಮುಷ್ಟಿ ಬಿಚ್ಚಿದರೆ ಮಣ್ಣು ಉದುರದೆ ಉಂಡೆಯಾಗಿ ನಿಂತಿತ್ತು.

“ಹಸಿ ಐತ್ರೀ ಸರ!”

ಯಾವ ಶಿಲೆಯನ್ನೂ ನಾನು ಆ ಉಂಡೆಯಷ್ಟು ಆಸೆಯಿಂದ ನೋಡಿರಲಿಲ್ಲ.